ನಗೆಹಬ್ಬ ಅಂದದ್ದೇ ತಪ್ಪಾಯಿತು

ಆ ಭಾನುವಾರ ಮಧ್ಯಾಹ್ನ ಬೇ ಏರಿಯಾದ ಕ್ಯಾಂಪ್‌ಬೆಲ್‌ನಲ್ಲಿರುವ ಅಣ್ಣನ ಮನೆಯಲ್ಲಿ ಐದು ಜನ ಇದ್ದೆವು. ಅವ್ವ ಸೋಫಾದ ಮೂಲೆಯಲ್ಲಿ ಕಾಲು ಮಡಚಿ ಕೂತು, ತೊಡೆಯ ಮೇಲೆ ಬುಟ್ಟಿ ಇಟ್ಟುಕೊಂಡು ಮೆಂತ್ಯೆಸೊಪ್ಪು ಬಿಡಿಸುತ್ತಿದ್ದಳು. ಅಣ್ಣ ಅವಳ ಎದುರಿಗೆ ಲ್ಯಾಪ್‌ಟಾಪಿನ ಹಿಂದೆ ಮುಖ ಮರೆಸಿಕೊಂಡಿದ್ದ. ವೈನಿ, ಅಂದರೆ ಅಣ್ಣನ ಹೆಂಡತಿ, ಚಹಾದ ಸೋಸಣಿಗೆ ಕೈಯಲ್ಲಿ ಹಿಡಿದು, ಅಡುಗೆಮನೆಗೂ ಹಾಲಿಗೂ ನಡುವೆ, ಯಾವ ಪಕ್ಷಕ್ಕೂ ಸೇರದವರ ಹಾಗೆ ನಿಂತಿದ್ದರು. ಅವರ ಮಗಳು ಕಾರ್ಪೆಟ್ಟಿನ ಮೇಲೆ ಕೂತಿದ್ದಳು. ಇಲ್ಲೇ ಹುಟ್ಟಿ ಬೆಳೆದವಳು. ಹಗಲು ಮೆನ್ಲೋ ಪಾರ್ಕ್‌ನ ಒಂದು ಆಫೀಸಿನಲ್ಲಿ ಕೆಲಸ, ಸಂಜೆ ಸಿಕ್ಕ ಸಿಕ್ಕ ಕಾಫಿ ಅಂಗಡಿಗಳಲ್ಲಿ ಮೈಕು ಹಿಡಿದು ಜನರನ್ನು ನಗಿಸುವ ಹುಚ್ಚು. ಐದನೆಯವನು ನಾನು, ಅವಳ ಕಾಕಾ. ಅಪ್ಪ ಇರಲಿಲ್ಲ. ಹಿಂದಿನ ದಸರೆ ಕಳೆದ ಸ್ವಲ್ಪ ದಿನಕ್ಕೆ ತೀರಿಕೊಂಡಿದ್ದರು.

ಹುಡುಗಿಗೆ ಆ ಬೆಳಿಗ್ಗೆ ಈಮೇಲು ಬಂದಿತ್ತು. ಐರ್ಲೆಂಡಿನ ಕಿಲ್ಕೆನ್ನಿ ಎಂಬ ಹಳೆಯ ಊರಿನಲ್ಲಿ, ಪ್ರತಿ ವರ್ಷ ಜೂನಿನಲ್ಲಿ, ಅಲ್ಲಿಯ ಬೇಸಿಗೆ ಶುರುವಾಗುವ ಹೊತ್ತಿಗೆ, ಕಾಮಿಡಿಯವರೆಲ್ಲ ಸೇರುತ್ತಾರೆ. ಅದರಲ್ಲಿ ಹೊಸಬರಿಗೆಂದೇ ಇಟ್ಟ ಒಂದು ಸಂಜೆಯಲ್ಲಿ ಅವಳಿಗೂ ಹತ್ತು ನಿಮಿಷ ಸಿಕ್ಕಿತ್ತು. ಅಣ್ಣ ಖುಷಿಯಲ್ಲಿ ಯಾರನ್ನೂ ಕೇಳದೆ ವಿಮಾನದ ಟಿಕೇಟು ತೆಗೆದೂ ಆಗಿತ್ತು. ಉಳಿದದ್ದು ಒಂದೇ, ಅವ್ವನಿಗೆ ತಿಳಿಸುವುದು. ಎಲ್ಲರೂ ನನ್ನ ಮುಖ ನೋಡಿದರು. ನಮ್ಮ ಮನೆಯಲ್ಲಿ ಹೇಳುವ ಕೆಲಸ ಯಾವಾಗಲೂ ನನ್ನದು.

ನಾನು ಗಂಟಲು ಸರಿಮಾಡಿಕೊಂಡು ಹೇಳಿದೆ, "ಅವ್ವಾ, ನಿನ್ನ ಮೊಮ್ಮಗಳು ಐರ್ಲೆಂಡಿನ ನಗೆಹಬ್ಬಕ್ಕ ಹೊಂಟಾಳ."

ಅವ್ವನ ಕೈ ನಿಂತಿತು. "ಯಾವ ಹಬ್ಬ?"

"ನಗೆಹಬ್ಬ. ಮಂದಿ ಎಲ್ಲಾ ಕೂಡಿ ನಗೋ ಹಬ್ಬ."

"ವರ್ಷ ತುಂಬಿಲ್ಲ," ಅಂದಳು ಅವ್ವ. "ಈ ವರ್ಷ ನಮಗ ಹಬ್ಬ ಇಲ್ಲ." ಮತ್ತೆ ಸೊಪ್ಪಿಗೆ ಕೈ ಹಾಕಿದಳು.

ಮನೆಯ ಹಿರಿಯರು ಹೋದರೆ ವರ್ಷ ತುಂಬುವ ತನಕ ನಮ್ಮಲ್ಲಿ ಹಬ್ಬ ಮಾಡುವುದಿಲ್ಲ. ಆ ವರ್ಷ ದೀಪಾವಳಿಗೆ ಅಣ್ಣನ ಬಾಗಿಲಲ್ಲಿ ಒಂದು ಹಣತೆಯೂ ಇರಲಿಲ್ಲ. ಸಂಕ್ರಾಂತಿಗೆ ಎಳ್ಳು ಬೀರಲಿಲ್ಲ. ಯುಗಾದಿಯ ದಿನ ಯಾರೋ ಪರಿಚಯದವರು ತಿಳಿಯದೆ ಹೋಳಿಗೆ ತಂದುಕೊಟ್ಟಾಗ ಅವ್ವ ಎರಡೂ ಕೈಯಿಂದ ಡಬ್ಬಿ ಇಸಿದುಕೊಂಡು, ಅವರು ಹೊರಟಮೇಲೆ ಅದನ್ನು ಪಕ್ಕದ ಮನೆಯವರಿಗೆ ಕೊಟ್ಟು ಬಂದಳು. ನಾವು ಅನ್ನ ಸಾರು ಉಂಡೆವು. ಇದೆಲ್ಲ ಯಾರೂ ಬಾಯಿಬಿಟ್ಟು ಹೇಳದೆ ನಡೆದುಕೊಂಡು ಬಂದಿತ್ತು. ಅಂಥ ಮನೆಯಲ್ಲಿ ಕೂತು ನಾನು ಹಬ್ಬ ಅಂದಿದ್ದೆ.

ಇಲ್ಲಿ ಯಾರೂ ಹಾಗೆ ಅನ್ನುವುದಿಲ್ಲ. ಬೇ ಏರಿಯಾದ ನಮ್ಮವರ ಬಾಯಲ್ಲಿ ಎಲ್ಲವೂ ಫೆಸ್ಟಿವಲ್ಲು. ಬೆಳ್ಳುಳ್ಳಿದು ಫೆಸ್ಟಿವಲ್ಲು, ಹೂವಿಂದು ಫೆಸ್ಟಿವಲ್ಲು, ಡೌನ್‌ಟೌನಿನಲ್ಲಿ ವಾದ್ಯ ಬಾರಿಸಿದರೂ ಫೆಸ್ಟಿವಲ್ಲು. ಇಂಗ್ಲಿಷ್ ಹೆಸರಿನ ಸಂಗತಿಗಳಿಗೆ ಅವ್ವನ ಲೆಕ್ಕದಲ್ಲಿ ಮೈಲಿಗೆಯೂ ಇಲ್ಲ, ಮಡಿಯೂ ಇಲ್ಲ. ಅದೇ ಚಳಿಗಾಲದಲ್ಲಿ ವೈನಿಯ ಜೊತೆ ಅಂಥದ್ದೊಂದಕ್ಕೆ ಹೋಗಿ ಸೋರೆಕಾಯಿ ಬೀಜ ಕೊಂಡುಕೊಂಡು ಬಂದಿದ್ದಳು. ಹುಡುಗಿ ಕಾಮಿಡಿ ಫೆಸ್ಟಿವಲ್ಲಿಗೆ ಹೋಗುತ್ತಾಳೆ ಅಂದಿದ್ದರೆ "ಸ್ವೆಟರು ಇಟ್ಟುಕೊ" ಅನ್ನುತ್ತಿದ್ದಳೇನೋ. ಆದರೆ ನಾನು ಅಜ್ಜ ಅಜ್ಜಿಯರ ಕಾಲಬುಡದಲ್ಲಿ ಕೂತು ಮಾತು ಕಲಿತವನು. ಪ್ರತಿ ಇಂಗ್ಲಿಷ್ ಮಾತಿಗೂ ಒಂದು ಕನ್ನಡ ಮಾತು ಹುಡುಕಿ ಇಡದಿದ್ದರೆ ನನಗೆ ಸಮಾಧಾನವಿಲ್ಲ. ನೆಂಟರ ಮಕ್ಕಳೆಲ್ಲ ನನ್ನನ್ನು ಡಿಕ್ಷನರಿ ಕಾಕಾ ಅನ್ನುತ್ತಾರೆ.

ಅಣ್ಣ ಲ್ಯಾಪ್‌ಟಾಪು ಮುಚ್ಚಿದ. "ಅವ್ವಾ, ಅದು ಹಬ್ಬ ಅಲ್ಲಬೇ. ಪ್ರೋಗ್ರಾಮು."

"ನಿನ್ನ ತಮ್ಮ ಈಗ ಹಬ್ಬ ಅಂದನಲ್ಲ."

"ಅಂವಗೇನು ಗೊತ್ತು!"

"ಅಂವ ಕನ್ನಡ ತಪ್ಪು ಮಾತಾಡೂದಿಲ್ಲ. ನೀನು ಮಾತಾಡ್ತಿ."

ನಾನು ಅವಸರದಲ್ಲಿ ತಿದ್ದಲು ಹೋದೆ. "ಹಬ್ಬ ಅಂದರ ಹಬ್ಬ ಅಲ್ಲವ್ವಾ. ಉತ್ಸವ ಇದ್ದಂಗ."

"ಯಾವ ದೇವರದು?"

"ದೇವರಿಲ್ಲ. ಒಂದು ನಮೂನಿ ಮೇಳ ಅನ್ನು. ಸಮ್ಮೇಳನ ಅನ್ನು."

"ಸಮ್ಮೇಳನದಾಗ ಎಲ್ಲಿ ನಗತಾರೋ? ಅಲ್ಲಿ ಸ್ಟೇಜಿನ ಮ್ಯಾಲ ಕುಂತವರು ನಿದ್ದಿ ಮಾಡ್ತಾರ." ಅವ್ವ ದಂಟುಗಳನ್ನು ಒಂದು ಕಡೆ ಸರಿಸಿದಳು. "ನೀ ಮೊದಲs ಸರಿ ಹೇಳಿದಿ. ಈಗ ಯಾಕ ಕೆಡಸ್ತಿ?"

ವೈನಿ ಸೆರಗು ಬಾಯಿಗೆ ಹಿಡಿದರು. ನಗು ತಡೆದುಕೊಳ್ಳಲಿಕ್ಕೋ ಬೇರೆಯದಕ್ಕೋ ತಿಳಿಯಲಿಲ್ಲ. ಹುಡುಗಿ ಮಾತ್ರ ತಲೆ ಎತ್ತಿ ನನ್ನನ್ನು ನೋಡಿದಳು. ಅವಳಿಗೆ ಕನ್ನಡ ಆಡಲು ಬರುವುದಕ್ಕಿಂತ ಹೆಚ್ಚು ತಿಳಿಯುತ್ತದೆ.

"ಕಾಕಾ," ಅಂದಳು, "ವೈ ಡಿಡ್ ಯು ಸೇ ಹಬ್ಬ?"

ಆಮೇಲೆ ಎದ್ದು ಅವ್ವನ ಪಕ್ಕ ಕೂತು, ಅವಳ ಬುಟ್ಟಿಯಿಂದ ಒಂದು ಕಡ್ಡಿ ಸೊಪ್ಪು ತೆಗೆದುಕೊಂಡಳು. "ಇಟ್ಸ್ ಓಕೆ ಅಜ್ಜಿ. ನಾನು ಹೋಗಲ್ಲ."

ಅವಳು ಜಗಳ ಮಾಡಿದ್ದರೆ ನನಗೆ ಅಷ್ಟು ನೋಯುತ್ತಿರಲಿಲ್ಲ.

ಕಿಲ್ಕೆನ್ನಿಯನ್ನು ಈ ಮನೆಗೆ ತಂದವನೇ ನಾನು. ಆಫೀಸಿನ ಕೆಲಸಕ್ಕೆ ಡಬ್ಲಿನ್‌ಗೆ ಹೋದಾಗ, ಒಂದು ಶನಿವಾರ, ಮಾಡಲು ಬೇರೆ ಏನೂ ಇಲ್ಲದೆ ರೈಲು ಹತ್ತಿ ಆ ಊರಲ್ಲಿ ಇಳಿದಿದ್ದೆ. ಅದು ಆಗಸ್ಟ್ ತಿಂಗಳು. ನದಿಯ ದಂಡೆಗೆ ಕೋಟೆ, ಕೋಟೆಯಿಂದ ಹಳೆಯ ದೊಡ್ಡ ಚರ್ಚಿನ ತನಕ ಒಂದು ಬೀದಿ, ಬೀದಿಯ ಬದಿಯಲ್ಲಿ ಒಬ್ಬ ಬಂದರೆ ಇನ್ನೊಬ್ಬ ಗೋಡೆಗೆ ಅಂಟಿ ನಿಲ್ಲಬೇಕಾದಂಥ ಓಣಿಗಳು. ಆ ವಾರ ಊರಿಗೆ ಊರೇ ಕಲೆಯ ಕೈಗೆ ಸಿಕ್ಕಿತ್ತು. ಚರ್ಚಿನೊಳಗೆ ಪಿಟೀಲು, ಕೋಟೆಯ ಅಂಗಳದಲ್ಲಿ ನಾಟಕ, ಕಟುಕನ ಅಂಗಡಿಯ ಗಾಜಿನ ಹಿಂದೆ ಮಾಂಸದ ಪಕ್ಕದಲ್ಲೇ ಯಾರೋ ಬರೆದ ಚಿತ್ರ. ಮಳೆ ಬಂದರೆ ಸಾಲಿನಲ್ಲಿ ನಿಂತವರು ಕದಲುವುದಿಲ್ಲ, ಮಳೆಯನ್ನೇ ಗೇಲಿ ಮಾಡುತ್ತಾ ನಿಲ್ಲುತ್ತಾರೆ. ಅಲ್ಲಿನವರು ಹೇಳಿದರು, ವಸಂತದಲ್ಲಿ ಬಾ, ಪಬ್ಬು ಪಬ್ಬಿನಲ್ಲೂ ಹಾಡು ಇರುತ್ತದೆ. ಬೇಸಿಗೆಯ ಮೊದಲಿಗೆ ಬಾ, ನಗು ಇರುತ್ತದೆ. ಮರುವರ್ಷ ಕೆಲಸದ ನೆಪ ಮಾಡಿಕೊಂಡು ನಗುವಿಗೆ ಹೋದೆ.

ತಿರುಗಿ ಬಂದು ಅಪ್ಪನಿಗೆ ಹೇಳಿದೆ. ಹುಬ್ಬಳ್ಳಿಯ ರೈಲ್ವೆ ಪಾರ್ಸೆಲ್ ಆಫೀಸಿನಲ್ಲಿ ಜೀವಮಾನ ಕಳೆದವರು ಅವರು. ಊರೂರಿನ ಸಾಮಾನು ನೋಡಿದವರಿಗೆ ಊರೂರಿನ ಕಥೆಯ ಹಸಿವೂ ಇತ್ತು. ಓಣಿಗಳ ವಿಷಯ ಹೇಳಿದರೆ, "ಅಂದರ ನಮ್ಮ ಹಳೇ ಹುಬ್ಬಳ್ಳಿ ಅನ್ನು" ಅಂದರು. ಅವರಿಗೆ ಎಲ್ಲಕ್ಕಿಂತ ಹಿಡಿಸಿದ್ದು ಪಬ್ಬಿನ ಮಾಳಿಗೆಯ ಸಂಗತಿ. ತಲೆ ತಾಗುವಷ್ಟು ತಗ್ಗಿದ ಸೂರು, ಒತ್ತಿ ಒತ್ತಿ ಕೂತ ಜನ, ಮೈಕಿನ ಮುಂದೆ ಕೆಂಪುಮೂತಿಯ ಒಬ್ಬ. ಅವನು ನನ್ನನ್ನು ಯಾವೂರು ಅಂತ ಕೇಳಿದ. ಹುಬ್ಬಳ್ಳಿ ಅಂದೆ. ಆ ಹೆಸರು ಅವನ ನಾಲಿಗೆಗೆ ಹತ್ತಲಿಲ್ಲ. ಆ ಸಿಟ್ಟಿಗೆ ಮುಂದೆ ಏನೇ ಆದರೂ ಹುಬ್ಬಳ್ಳಿಯವರ ಮೇಲೆ ಹಾಕುತ್ತಾ ಹೋದ. ಬಿಯರು ಖಾಲಿಯಾಯಿತು, ಹುಬ್ಬಳ್ಳಿಯವರು ಕುಡಿದರು. ಮೈಕು ಕೆಟ್ಟಿತು, ಹುಬ್ಬಳ್ಳಿಯವರು ಕಡಿದರು. ಹೆಂಡತಿ ಬಿಟ್ಟುಹೋದಳು, ಎಲ್ಲಿಗೆ ಅಂತ ಬೇರೆ ಹೇಳಬೇಕೇ?

ಅಪ್ಪ ಪ್ರತಿ ಭಾನುವಾರ ಅದನ್ನು ಹೇಳಿಸುತ್ತಿದ್ದರು. ಒಂದು ಮಾತು ಬಿಟ್ಟರೂ ಬಿಡುತ್ತಿರಲಿಲ್ಲ. "ಮೈಕಿಂದು ಹೇಳಲಿಲ್ಲಲ್ಲೋ." ಹೇಳಿ ಮುಗಿದ ಮೇಲೆ ಮೊಮ್ಮಗಳ ಕಡೆ ತಿರುಗಿ, "ಯವ್ವಾ, ಅಲ್ಲಿ ಹೋಗಿ ನಮ್ಮ ಮರ್ಯಾದಿ ಉಳಸು" ಅನ್ನುತ್ತಿದ್ದರು. ಹುಡುಗಿ ಕಾಫಿ ಅಂಗಡಿಯಲ್ಲಿ ಮೈಕು ಹಿಡಿದ ಸಂಜೆಗಳಲ್ಲೆಲ್ಲ ಅವರು ಟೋಪಿ, ಸ್ವೆಟರು ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂರುತ್ತಿದ್ದರು. ಇಂಗ್ಲಿಷ್ ಅರ್ಧ ತಿಳಿಯುತ್ತಿತ್ತು. ತಿಳಿಯದ ಅರ್ಧಕ್ಕೆ ಮೊದಲು ನಗುತ್ತಿದ್ದವರೂ ಅವರೇ.

ಅವಳು ಅಲ್ಲಿ ಹೇಳುತ್ತಿದ್ದದ್ದು ಅವರದೇ ಕಥೆ. ಕುರ್ಚಿಯ ಕಥೆ ಎಂದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಅಪ್ಪ, ಅವ್ವ ಈ ದೇಶಕ್ಕೆ ಬಂದ ಹೊಸದರಲ್ಲಿ ಒಂದು ಬೆಳಿಗ್ಗೆ ಅಪ್ಪ ವಾಕಿಂಗಿಗೆ ಹೋಗಿದ್ದರು. ಒಂದು ಮನೆಯ ಮುಂದೆ ಸೋಫಾ, ದೀಪ, ಮಕ್ಕಳ ಸೈಕಲ್ಲು, ಪಾತ್ರೆಪಡಗ ಎಲ್ಲ ಹೊರಗೆ ಬಿದ್ದಿದೆ. ಮನೆಯ ಯಜಮಾನ ಗಲ್ಲಕ್ಕೆ ಕೈಕೊಟ್ಟು ಕೂತಿದ್ದಾನೆ. ಇಲ್ಲಿನವರಿಗೆ ಅದು ಗರಾಜ್ ಸೇಲು, ಮನೆಯಲ್ಲಿ ಬೇಡವಾದ ಸಾಮಾನನ್ನು ಬಾಗಿಲ ಮುಂದಿಟ್ಟು ಮಾರುವುದು. ಅಪ್ಪನಿಗೆ ಅದು ಜಪ್ತಿ. ಹುಬ್ಬಳ್ಳಿಯಲ್ಲಿ ಕೋರ್ಟಿನವರು ಬಂದು ನೆರೆಮನೆಯ ಸಾಮಾನು ಬೀದಿಗಿಟ್ಟದ್ದನ್ನು ಕಣ್ಣಾರೆ ಕಂಡವರು ಅವರು. ಹೋಗಿ ಆ ಮನುಷ್ಯನ ಕೈ ಹಿಡಿದುಕೊಂಡರು. ಧೈರ್ಯ ಹೇಳಿದರು. ಅವನು ಒಂದು ಕುರ್ಚಿ ತೋರಿಸಿ ಬೆಲೆ ಹೇಳಿದ. ಅಪ್ಪ ತಮ್ಮ ಪಾರ್ಸೆಲ್ ಆಫೀಸಿನ ಇಂಗ್ಲಿಷಿನಲ್ಲಿ, ಮಾರಬೇಡಿ ಸಾರ್, ಇಟ್ಟುಕೊಳ್ಳಿ, ಒಳ್ಳೆಯ ದಿನ ಬರುತ್ತದೆ ಅಂದರು. ಚೌಕಾಸಿ ಮಾಡುತ್ತಿದ್ದಾರೆಂದು ಅವನು ಬೆಲೆ ಇಳಿಸಿದ. ಅಪ್ಪನ ಕಣ್ಣಲ್ಲಿ ನೀರು. ಬೇಡ ಸಾರ್, ಅಂದರು. ಅವನು ಮತ್ತೂ ಇಳಿಸಿದ. ಹೀಗೇ ನಡೆದು ಕೊನೆಗೆ ಅವನೇ ಸೋತು, ಪುಕ್ಕಟೆ ತಗೊಳ್ಳಿ, ಅಳಬೇಡಿ ಅಂದ. ಅಪ್ಪ ಕುರ್ಚಿಯನ್ನು ತಲೆಯ ಮೇಲೆ ಹೊತ್ತುಕೊಂಡು ಮನೆಗೆ ಬಂದರು. ಅಪ್ಪ ಕಥೆ ಮುಗಿಸುತ್ತಿದ್ದ ಮಾತು ಇದು: "ಸಮಾಧಾನ ಮಾಡಾಕ ಹೋದವಗ ಕುರ್ಚಿ ಸಿಕ್ತು. ಇನ್ನೊಂದೀಟು ಅತ್ತಿದ್ದರ ಮಂಚಾನೂ ಸಿಗ್ತಿತ್ತು!"

ಎಷ್ಟು ಮನೆಗಳಲ್ಲಿ, ಎಷ್ಟು ಊಟಗಳ ನಡುವೆ ಅದನ್ನು ಹೇಳಿದ್ದರೋ. ಆ ಕೊನೆಯ ಮಾತು ಬರುವ ಹೊತ್ತಿಗೆ ಅವ್ವ ಯಾವಾಗಲೂ ಚಹಾಕ್ಕಿಡುತ್ತೇನೆಂದು ಎದ್ದುಬಿಡುತ್ತಿದ್ದಳು. ಸಾವಿರ ಸಲ ಕೇಳಿದ ಬೇಸರ ಅಂದುಕೊಂಡಿದ್ದೆವು.

ಆ ಭಾನುವಾರ ಸಂಜೆ ಹುಡುಗಿಯನ್ನು ಅವಳ ಅಪಾರ್ಟ್‌ಮೆಂಟಿಗೆ ಬಿಡಲು ನಾನೇ ಕಾರು ತೆಗೆದೆ. ಕಾರು ಫ್ರೀವೇ ಹತ್ತಿತು. ಆಮೇಲೆ, "ಅಜ್ಜಿ ಇಸ್ ರೈಟ್, ಕಾಕಾ," ಅಂದಳು. "ಅಜ್ಜ ಹೋಗಿ ಒಂದು ವರ್ಷ ಆಗಿಲ್ಲ. ನಾನು ಅವರ ಮೇಲೆ ಜೋಕು ಮಾಡಿ, ಜನ ಚಪ್ಪಾಳೆ ತಟ್ಟಿ... ದಟ್ಸ್ ಹಾರಿಬಲ್, ಅಲ್ವಾ?"

"ಅಜ್ಜನs ಹೇಳಿದ್ದರಲ್ಲ, ಹೋಗು ಅಂತ."

"ಆಗ ಅವರು ಮುಂದಿನ ಸೀಟಲ್ಲಿ ಇರ್ತಿದ್ರು."

ಅವಳನ್ನು ಇಳಿಸಿ ತಿರುಗಿ ಬರುವಾಗ, ಅವ್ವನಿಗೆ ಹೇಳಿದ ಆ ವಾಕ್ಯವನ್ನು ಬೇರೆ ಬೇರೆ ರೀತಿಯಲ್ಲಿ ಹೇಳಿ ನೋಡಿದೆ. ಫೆಸ್ಟಿವಲ್ಲು. ಪ್ರೋಗ್ರಾಮು. ಕಾಂಪಿಟಿಷನ್ನು ಅಂತ ಸುಳ್ಳೂ ಹೇಳಬಹುದಿತ್ತು. ಒಂದು ಮಾತಿನ ಚಂದಕ್ಕೆ ಒಂದು ಹುಡುಗಿಯ ದಾರಿಗೆ ಕಲ್ಲು ಇಟ್ಟೆನಲ್ಲ ಅನ್ನಿಸಿ, ಮನೆ ಮುಂದೆ ಕಾರು ನಿಲ್ಲಿಸಿದ ಮೇಲೂ ಇಳಿಯುವ ಮನಸ್ಸಾಗಲಿಲ್ಲ.

ವಾರದ ನಡುವೆ ಒಂದು ದಿನ ಆಫೀಸಿನಿಂದ ಬೇಗ ಹೊರಟು ಅವ್ವನನ್ನು ಹಳ್ಳದ ಪಕ್ಕದ ದಾರಿಗೆ ವಾಕಿಂಗಿಗೆ ಕರೆದುಕೊಂಡು ಹೋದೆ. ಬಾತುಕೋಳಿಗಳಿರುವ ಕಡೆ ಬೆಂಚಿನ ಮೇಲೆ ಕೂರಿಸಿದೆ.

"ಅವ್ವಾ, ಅವತ್ತು ನನ್ನ ಮಾತು ತಪ್ಪಿ ಬಂತು. ಅದು ಹಬ್ಬ ಅಲ್ಲ."

"ಹಬ್ಬನs ಅದು," ಅಂದಳು. "ಮಂದಿ ಚಲೋ ಅರಿವಿ ಹಾಕ್ಕೊಂಡು, ಊರಿಂದ ಊರಿಗೆ ಬಂದು, ಒಂದು ಕಡೆ ಕೂಡಿ ನಕ್ಕರ ಅದಕ್ಕ ಬ್ಯಾರೆ ಏನಂತಾರೋ? ನಿನ್ನ ಮಾತು ತಪ್ಪಿಲ್ಲ. ಅದಕ್ಕೊಂದು ತಲಿ ಕೆಡಿಸ್ಕೊಬ್ಯಾಡ."

"ಮತ್ತ ಹುಡುಗಿ..."

"ಹುಡುಗಿ ಹೋದರ ನನಗೇನು ಆಗೂದಿಲ್ಲ. ವರ್ಷದ ನೇಮ ದೊಡ್ಡವರಿಗೆ. ಆ ಕೂಸಿಗೆ ಏನು ಗೊತ್ತು?" ಅವಳು ಸ್ವಲ್ಪ ಹೊತ್ತು ಬಾತುಕೋಳಿಗಳನ್ನು ನೋಡಿದಳು. "ನಾ ನಕ್ಕೇನೋ ತಮ್ಮಾ."

"ಯಾವಾಗ?"

"ನಿಮ್ಮಪ್ಪ ಹೋದ ವಾರ. ಮಂದಿ ಮಾತಾಡಸಾಕ ಬಂದಿದ್ದರಲ್ಲ. ಆ ಹುಡುಗಿ ಅವರ ನಡಿಗಿ ಮಾಡಿ ತೋರಿಸಿದಳು, ವಾಚು ಕಿವಿಗೆ ಹಿಡಿಯೂದು ಮಾಡಿ ತೋರಿಸಿದಳು. ನೀವೆಲ್ಲಾ ನಕ್ಕಿರಿ. ನಿಮ್ಮಕಿಂತಾ ಜೋರು ನಾ ನಕ್ಕೆ. ಆಮ್ಯಾಲ ಬಾತ್‌ರೂಮಿನಾಗ ಹೋಗಿ ನೀರು ಬಿಟ್ಟು ಕುಂತೆ. ಅವರ ಅರಿವಿ ಇನ್ನೂ ಅಲ್ಲೇ ಗೂಟಕ್ಕ ಇದ್ದವು." ಸೆರಗಿನಿಂದ ಮೂಗು ಒರೆಸಿಕೊಂಡಳು. "ಹೋಳಿಗಿ ಬಿಟ್ಟರ ಏನಾತು? ಬಿಡಬೇಕಾದದ್ದು ನಗು. ಅದನ್ನ ಬಿಡಲಿಲ್ಲ ನಾನು. ಈಗ ಅಕೀನ ಹೋಗಬ್ಯಾಡ ಅಂದು ಆ ತಪ್ಪು ತುಂಬಾಕ ಹೊಂಟೀನೇನೋ ಯಾರಿಗೆ ಗೊತ್ತು."

ಅಪ್ಪ ಇದ್ದಿದ್ದರೆ ಏನಾದರೂ ಒಂದು ಅಂದು ನಗಿಸುತ್ತಿದ್ದರು, ಆಗ ತಪ್ಪು ಇನ್ನೂ ಹೆಚ್ಚಾಗುತ್ತಿತ್ತು.

ಎದ್ದು ಹೊರಡುವಾಗ ಅವ್ವ ಕೇಳಿದಳು, "ಅಕಿ ಅಲ್ಲಿ ಹೇಳೂದೇನು?"

"ಅಪ್ಪನ ಕುರ್ಚಿ ಕಥಿ."

ಅವ್ವ ನಿಂತಳು. ಚಪ್ಪಲಿಯಲ್ಲಿ ಸಿಕ್ಕ ಕಲ್ಲನ್ನು ಕಾಲು ಝಾಡಿಸಿ ತೆಗೆದಳು. "ನನ್ನ ಮುಂದ ಒಂದು ಸಲ ಹೇಳಿ ತೋರಸಂತ ಹೇಳು. ಆಮ್ಯಾಲ ನೋಡೂಣು."

ಅವ್ವ ಮೊಮ್ಮಗಳ ಬಾಯಲ್ಲಿ ಅದನ್ನು ಒಮ್ಮೆಯೂ ಕೇಳಿರಲಿಲ್ಲ. ಕಾಫಿ ಅಂಗಡಿಗೆ ಹೋಗುತ್ತಿದ್ದವರು ಅಪ್ಪ ಮಾತ್ರ.

ಶನಿವಾರ ಸಂಜೆ ಹಾಲಿನಲ್ಲಿ ಟೀವಿಯ ಮುಂದಿನ ಜಾಗ ಖಾಲಿ ಮಾಡಿದೆವು. ಹುಡುಗಿ ಮೈಕಿನ ಬದಲು ಟೀವಿಯ ರಿಮೋಟು ಹಿಡಿದು ನಿಂತಳು. ನಾನು ಅವ್ವನ ಕಿವಿಯ ಹತ್ತಿರ ಕೂತು ಮೆಲ್ಲಗೆ ಕನ್ನಡಕ್ಕೆ ತರುತ್ತಿದ್ದೆ.

"ಸುಮ್ನಿರೋ," ಅಂದಳು ಅವ್ವ. "ನನಗ ತಿಳೀತೈತಿ. ನೋಡಿದಾಕಿ ನಾನು."

ಹುಡುಗಿ ಚೆನ್ನಾಗಿ ಹೇಳುತ್ತಾಳೆ. ಅಪ್ಪನ ಕುತ್ತಿಗೆ, ಅಪ್ಪನ ಕೈ, ಸಾರ್ ಅನ್ನುವುದಕ್ಕೆ ಮೊದಲು ಒಂದು ಕ್ಷಣ ತಡೆಯುವ ಅಪ್ಪನ ಉಸಿರು. ಬೆಲೆ ಇಳಿಯುವ ಕಡೆ ಅಣ್ಣನಿಗೆ ನಗು ತಡೆಯಲಾಗಲಿಲ್ಲ, ಆಮೇಲೆ ಅವ್ವನನ್ನು ನೋಡಿ ಕೆಮ್ಮಿದ. ಅವ್ವ ಕಣ್ಣು ಮಿಟುಕಿಸದೆ ಕೂತಿದ್ದಳು. ಕೊನೆಗೆ ಹುಡುಗಿ ತಲೆಯ ಮೇಲೆ ಕುರ್ಚಿ ಹೊತ್ತವಳಂತೆ ಎರಡೂ ಕೈ ಎತ್ತಿ ಬಾಗಿಲಲ್ಲಿ ನಿಂತು, ಅಜ್ಜನ ದನಿಯಲ್ಲಿ ಮಂಚದ ಮಾತನ್ನು ಇಂಗ್ಲಿಷಿನಲ್ಲಿ ಅಂದಳು.

"ಅದು ಅವರು ಅಂದದ್ದಲ್ಲ," ಅಂದಳು ಅವ್ವ.

ಹುಡುಗಿಯ ಕೈ ಮೇಲೆಯೇ ಉಳಿಯಿತು.

"ಅವರು ಏನೂ ಅನ್ನಲಿಲ್ಲ. ಅವರು ಬಾಗಲದಾಗ ಅಳಕೋತ ನಿಂತಿದ್ದರು. ಅಂದದ್ದು ನಾನು."

ಅಷ್ಟು ಅಂದವಳೇ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಎದ್ದು ಒಳಗೆ ಹೋದಳು. ಅಡುಗೆಮನೆಯಲ್ಲಿ ನೀರಿನ ಸದ್ದು, ಗ್ಯಾಸಿನ ಸದ್ದು. ಯಾರಿಗೂ ಬೇಡದ ಚಹಾಕ್ಕೆ ಅವ್ವ ಪಾತ್ರೆ ಇಟ್ಟಿದ್ದಳು. ಮಾತಿನ ಬೇರು ಹುಡುಕುತ್ತಾ ತಿರುಗಿದವನು ನಾನು. ಅಷ್ಟು ವರ್ಷ ಕಥೆಯ ಅದೇ ಜಾಗದಲ್ಲಿ ಅವಳು ಎದ್ದು ಹೋದದ್ದನ್ನು ನೋಡಿಯೂ, ಯಾಕವ್ವಾ ಅಂತ ಕೇಳಿರಲಿಲ್ಲ.

ಹುಡುಗಿಯೇ ಮೊದಲು ಒಳಗೆ ಹೋದಳು. ನಾವು ಹಿಂದೆ ಹೋಗಿ ಬಾಗಿಲಲ್ಲಿ ನಿಂತೆವು.

"ಅನಬಾರದಿತ್ತು ನಾನು," ಅವ್ವ ಒಲೆಯ ಕಡೆ ಮುಖ ಮಾಡಿ ಹೇಳುತ್ತಿದ್ದಳು. "ಇಷ್ಟು ದಿನ ಸುಮ್ಮನಿದ್ದಾಕಿ. ಅವರು ಹೋದ ಮ್ಯಾಲ ಅವರ ಕೈಯಾಗಿಂದ ಕಸಗೊಂಡಂಗಾತು. ಕೇಳಾಕ ಅವರಿಲ್ಲ."

"ಅಜ್ಜಿ," ಅಂದಳು ಹುಡುಗಿ. ಆಮೇಲೆ ತನ್ನ ಕನ್ನಡವನ್ನೆಲ್ಲ ಒಟ್ಟು ಮಾಡಿಕೊಂಡು, "ನೀನು ಹೆಂಗ ಹೇಳಿದ್ದೆ, ಹಂಗೇ ಹೇಳು. ಪ್ಲೀಸ್."

ಅವ್ವ ತಿರುಗಿದಳು. "ಸಿಟ್ಟಿಲೆ ಹೇಳಿದ್ದೆನವ್ವಾ. ನಗಸಾಕ ಅಲ್ಲ. ಹೊಸಾ ದೇಶ, ಬೆಳಿಗ್ಗೆ ಹೋದವರು ಹೊತ್ತೇರಿದರೂ ಬಂದಿಲ್ಲ. ನಿಮ್ಮಪ್ಪ ಕಾರು ತಗೊಂಡು ಹುಡಕಾಕ ಹೋಗ್ಯಾನ. ನನ್ನ ಜೀವ ಕೈಯಾಗ. ಅಷ್ಟೊತ್ತಿಗೆ ಈ ಮನಷ್ಯಾ ತಲಿ ಮ್ಯಾಲ ಕುರ್ಚಿ ಹೊತಗೊಂಡು, ಅವರ ಮನಿ ಹಾಳಾತು ಅಂತ ಅಳಕೋತ ಬಂದು ನಿಂತಾರ. ಮೈಯೆಲ್ಲಾ ಉರೀತು. ಸಮಾಧಾನ ಮಾಡಾಕ ಹೋಗಿ ಕುರ್ಚಿ ತಂದಿರೇನು? ಇನ್ನೊಂದೀಟು ಅತ್ತಿದ್ದರ ಮಂಚಾನೂ ಕೊಡ್ತಿದ್ದರು, ಹೋಗ್ರಿ, ಅಂದೆ."

ಪಾತ್ರೆಯಲ್ಲಿ ನೀರು ಕುದಿಯಿತು. ವೈನಿ ಕೈ ಚಾಚಿ ಒಲೆ ಆರಿಸಿದರು.

"ನಕ್ಕುಬಿಟ್ಟರು," ಅಂದಳು ಅವ್ವ. "ಈ ದೇಶಕ್ಕ ಬಂದ ಮ್ಯಾಲ ಅವರು ನಕ್ಕಿದ್ದು ಅವತ್ತs ಮೊದಲು. ದಿನಾ ಕಿಟಕಿ ಮುಂದ ಸುಮ್ಮ ಕುಂದರತಿದ್ದರು. ಮರುದಿನ ಯಾರೋ ಮನಿಗೆ ಬಂದಾಗ ಅದನ್ನ ತಮ್ಮ ಮಾತು ಮಾಡಿ ಹೇಳಿದರು. ಬಂದವರು ಬಿದ್ದು ಬಿದ್ದು ನಕ್ಕರು. ನಿಮ್ಮಜ್ಜನ ಮುಖ ನೋಡಿದೆ. ಇರಲಿ, ಅವರದs ಆಗಲಿ ಅಂತ ಬಿಟ್ಟೆ. ಕೊಟ್ಟದ್ದನ್ನ ಈಗ ವಾಪಸ್ ಕೇಳಿದೆನಲ್ಲ, ಎಂಥಾಕಿ ನಾನು."

ಅಣ್ಣ ಫ್ರಿಜ್ಜಿನ ಬಾಗಿಲು ತೆಗೆದು, ಏನೂ ತೆಗೆದುಕೊಳ್ಳದೆ ಮುಚ್ಚಿದ. ಆ ತಿಂಗಳು ಆ ಮನೆಯಲ್ಲಿ ವೈನಿಯನ್ನು ಬಿಟ್ಟರೆ ತಪ್ಪು ಮಾಡಿದವರ ಮುಖ ಇಲ್ಲದವರು ಒಬ್ಬರೂ ಇರಲಿಲ್ಲ. ಅಣ್ಣ ಕೇಳದೆ ಟಿಕೇಟು ತೆಗೆದಿದ್ದ, ನಾನು ಹಬ್ಬ ಅಂದಿದ್ದೆ, ಹುಡುಗಿ ಸತ್ತ ಅಜ್ಜನ ಮೇಲೆ ಜೋಕು ಕಟ್ಟಿದ್ದಳು, ಅವ್ವ ಸತ್ತ ಗಂಡನ ಜೋಕು ಕಸಿದುಕೊಂಡಿದ್ದಳು.

"ಹೋಗು," ಅಂದಳು ಅವ್ವ ಕೊನೆಗೆ, ಹುಡುಗಿಯ ಕೆನ್ನೆ ಮುಟ್ಟಿ. "ಹೋಗಿ ಹೇಳು. ಆದರ ಅವರದಂತನs ಹೇಳು. ನಂದಂತ ಹೇಳಬ್ಯಾಡ. ಆಣಿ ಐತಿ."

ಹುಡುಗಿ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅಜ್ಜಿಯ ಹೆಗಲಿಗೆ ಹಣೆ ಆನಿಸಿ ನಿಂತಳು.

ಬೇಸಿಗೆಯ ಮೊದಲಿಗೆ ಅವಳು ಹೋದಳು. ಅಲ್ಲಿ ಅವಳ ಸರದಿ ಸಂಜೆ, ಇಲ್ಲಿ ಅದು ಮಧ್ಯಾಹ್ನದ ಊಟದ ಹೊತ್ತು. ನಾವೆಲ್ಲ ಅಣ್ಣನ ಮನೆಯಲ್ಲಿ ಸೇರಿದ್ದೆವು. ವೈನಿ ರೊಟ್ಟಿ ಮಾಡಿ ಮುಚ್ಚಿಟ್ಟಿದ್ದರು. ನಾವು ಮೂವರು ಉಂಡೆವು. ಅವ್ವ ಹಸಿವಿಲ್ಲ ಅಂದಳು. ಎದ್ದಳು, ಕೂತಳು, ಕಿಟಕಿಯ ಪರದೆ ಸರಿಸಿದಳು, ಮತ್ತೆ ಎಳೆದಳು. "ನಗಲಿಲ್ಲಂದರ ಕೂಸು ಅಲ್ಲಿ ಒಬ್ಬಾಕಿನs ಇರ್ತಾಳಲ್ಲೋ," ಅಂತ ಒಮ್ಮೆ ನನಗೆ ಹೇಳಿದಳು. ಇನ್ನೊಮ್ಮೆ, "ನಕ್ಕರೂ ಚಲೋ ಅಲ್ಲ" ಅಂತ ತನಗೇ ಹೇಳಿಕೊಂಡಳು.

ಫೋನು ಬಂದಾಗ ಅಣ್ಣ ಸ್ಪೀಕರಿಗೆ ಹಾಕಿದ. ಹಿಂದೆ ಜನರ ಗದ್ದಲ, ಗ್ಲಾಸುಗಳ ಸದ್ದು.

"ಅಜ್ಜಿ ಇದಾರಾ?"

"ಇದ್ದೇನವ್ವಾ. ಮುಗೀತೇನು?"

"ಮುಗೀತು. ಅಜ್ಜಿ, ಸಾಮಾನೆಲ್ಲ ಹೊರಗಿತ್ತು ಅಂದೆನಲ್ಲ, ಅಲ್ಲಿ ಯಾರೂ ನಗಲಿಲ್ಲ. ಇಡೀ ರೂಮು ಸೈಲೆಂಟು. ನಾನು ಸತ್ತೇ ಅಂದುಕೊಂಡೆ. ಆಮೇಲೆ ಒಬ್ಬರು ಹೇಳಿದರು, ಅವರ ಊರಲ್ಲೂ ಹಿಂದೆ ಹಂಗೆ ಮಾಡ್ತಿದ್ರಂತೆ, ಬಾಡಿಗೆ ಕೊಡದವರ ಸಾಮಾನು ರೋಡಿಗೆ ಹಾಕ್ತಿದ್ರಂತೆ. ಅಜ್ಜ ಅಂದುಕೊಂಡಿದ್ದನ್ನೇ ಅವರೂ ಅಂದುಕೊಂಡರು."

"ಅಯ್ಯ. ಆಮ್ಯಾಲ?"

"ಬೆಲೆ ಇಳಿಸೋಕೆ ಶುರು ಮಾಡಿದಾಗ ನಕ್ಕರು. ತುಂಬಾ."

ಅವ್ವ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಮಂಚದ್ದು? ಯಾರದಂತ ಹೇಳಿದಿ?"

"ಸಾರಿ ಅಜ್ಜಿ. ನೀನು ಅಂದಿದ್ದು ಅಂತ ಹೇಳಿದೆ. ಅಜ್ಜನಿಗೆ ಕೊಟ್ಟುಬಿಟ್ಟೆ ಅಂತಾನೂ ಹೇಳಿದೆ."

"ಆಣಿ ಇಟ್ಟಿದ್ದೆ ನಾನು."

"ಗೊತ್ತು ಅಜ್ಜಿ. ಸಾರಿ."

ಅವ್ವ ಫೋನನ್ನು ಬಾಯಿಯ ಹತ್ತಿರ ತಂದುಕೊಂಡಳು. ಆಮೇಲೆ ಕೇಳಿದಳು, "ಊಟಾ ಮಾಡಿಯೇನು?"

"ಇಲ್ಲ. ಈಗ ಹೋಗ್ತೀವಿ."

"ಮಾಡ ಹೋಗು. ಹೊತ್ತಾಗೈತಿ."

ಫೋನು ಅಣ್ಣನ ಕೈಗೆ ಕೊಟ್ಟು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಅವಳ ದನಿ ಕೇಳಿಸಿತು, ವೈನಿಯನ್ನು ಕರೆದು ರೊಟ್ಟಿ ಎಲ್ಲಿಟ್ಟಿದ್ದಿ ಅಂತ ಕೇಳುತ್ತಿದ್ದಳು. ವೈನಿ ಎದ್ದು ಹೋಗಿ ಅವಳಿಗೆ ಬಡಿಸಿದರು.